ಕೊನೆಯ ಪ್ರಶ್ನೆಯಿಂದ ಓದತೊಡಗಿದ ವರ್ಷ

2012ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯನ್ನು ನಾನು ವಾಷಿಂಗ್ಟನ್‌ನಲ್ಲಿದ್ದುಕೊಂಡು ವರದಿ ಮಾಡಿದೆ. ಮರುಆಯ್ಕೆ ಬಯಸಿ ಕಣದಲ್ಲಿದ್ದ ಬರಾಕ್ ಒಬಾಮ ಅವರು ಏನು ಹೇಳಿದರೆಂಬುದು ಸುದ್ದಿಸಂಸ್ಥೆಗಳ ಮೂಲಕ ನನಗಿಂತ ಮೊದಲೇ ನಮ್ಮ ಡೆಸ್ಕ್ ತಲುಪಿರುತ್ತಿತ್ತು; ಅದನ್ನೇ ಮತ್ತೊಮ್ಮೆ ಬರೆದು ಕಳುಹಿಸುವುದಕ್ಕೆ ಒಬ್ಬ ವರದಿಗಾರ ಅಷ್ಟು ದೂರ ಹೋಗಿ ಕೂರಬೇಕಾಗಿರಲಿಲ್ಲ. ಹಾಗಾಗಿ ಅವರು ಯಾರ ಪ್ರಶ್ನೆಗೆ, ಎಲ್ಲಿ ನಿಂತು, ಎಷ್ಟು ಹೊತ್ತು ಉತ್ತರ ಕೊಟ್ಟರು ಎಂಬುದನ್ನು ವರ್ಷವಿಡೀ ಬರೆದಿಡಲು ನಿರ್ಧರಿಸಿದೆ. ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ಕೊಂಡು, ದಿನಾಂಕ, ಸ್ಥಳ, ಪ್ರಶ್ನೆ ಕೇಳಿದವರ ಹೆಸರು, ಅವರನ್ನು ಆರಿಸಿದ್ದು ಯಾರು, ಮರುಪ್ರಶ್ನೆಗೆ ಅವಕಾಶ ಸಿಕ್ಕಿತೇ, ಆಡಿದ ಮಾತಿನ ಪೂರ್ಣಪಾಠ ಹೊರಬಿತ್ತೇ ಎಂದು ಆರು ಕಲಂ ಎಳೆದೆ.

ಇವುಗಳಲ್ಲಿ ಹೆಚ್ಚು ಕಾಡಿದ್ದು ಹೆಸರಿನ ಕಲಂ. ಶ್ವೇತಭವನ ಆಗ ಬಿಡುಗಡೆ ಮಾಡುತ್ತಿದ್ದ ಪೂರ್ಣಪಾಠದಲ್ಲಿ ಪ್ರಶ್ನೆ ಕೇಳಿದವರ ಹೆಸರು ಇರುತ್ತಿರಲಿಲ್ಲ, ‘ಕ್ಯೂ’ ಎಂಬ ಒಂದಕ್ಷರ ಇರುತ್ತಿತ್ತು, ಅಷ್ಟೇ. ಅಧ್ಯಕ್ಷರೇ ಹೆಸರು ಹಿಡಿದು ಕರೆದರೆ ಮಾತ್ರ ಅದು ಪಠ್ಯದೊಳಗೆ ಬರುತ್ತಿತ್ತು. ಉಳಿದವರ ಗುರುತು ಹಚ್ಚಲು ನಾನು ವಿಡಿಯೊವನ್ನು ಮತ್ತೆ ಮತ್ತೆ ಹಿಂದಕ್ಕೆ ಓಡಿಸಿ ದನಿಯನ್ನು ಪತ್ತೆ ಮಾಡಬೇಕಾಗುತ್ತಿತ್ತು. ಕೆಲವು ತಿಂಗಳಲ್ಲಿ ಮುಖ ನೋಡದೆ ದನಿಯಿಂದಲೇ ಹತ್ತಿಪ್ಪತ್ತು ಮಂದಿಯನ್ನು ಗುರುತಿಸುವಷ್ಟು ರೂಢಿಯಾಯಿತು.

ಶ್ವೇತಭವನದಲ್ಲಿ ಪತ್ರಕರ್ತರಿಗೆ ಮಾಹಿತಿ ಕೊಡುವ, ಹಿಂದೊಮ್ಮೆ ಪತ್ರಿಕಾ ಕಾರ್ಯದರ್ಶಿಯಾಗಿದ್ದ ಜೇಮ್ಸ್ ಬ್ರೇಡಿ ಅವರ ಹೆಸರಿನ ಬ್ರೀಫಿಂಗ್ ಕೋಣೆ ಟೀವಿಯಲ್ಲಿ ಕಾಣುವುದಕ್ಕಿಂತ ಬಹಳ ಚಿಕ್ಕದು. ಸಾಲಿಗೆ 7ರಂತೆ 7 ಸಾಲು, ಒಟ್ಟು 49 ಕುರ್ಚಿಗಳು. ಯಾವ ಕುರ್ಚಿ ಯಾವ ಸಂಸ್ಥೆಗೆ ಎಂಬುದು ಮೊದಲೇ ನಿಗದಿಯಾಗಿರುತ್ತದೆ. ನೆಲದ ಅಡಿಯಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರಿಗಾಗಿ 1933ರಲ್ಲಿ ಕಟ್ಟಿದ ಈಜುಕೊಳ ಇಂದಿಗೂ ಇದೆ. ನಿಕ್ಸನ್ ಕಾಲದಲ್ಲಿ ಅದನ್ನು ಮುಚ್ಚಿ ಪತ್ರಕರ್ತರಿಗೆ ಜಾಗ ಮಾಡಿಕೊಟ್ಟರು. ನನ್ನಂಥ ದಿನದ ಪಾಸಿನ ವಿದೇಶಿ ವರದಿಗಾರರು ಮುಂಚಿತವಾಗಿ ಹೆಸರು, ಜನ್ಮದಿನಾಂಕ ಕಳುಹಿಸಿ, ಗೇಟಿನಲ್ಲಿ ತಪಾಸಣೆ ಮುಗಿಸಿ ಒಳಗೆ ಬಂದು ಗೋಡೆಬದಿಯ ಕಿರಿದಾದ ಓಣಿಯಲ್ಲಿ ನಿಲ್ಲಬೇಕು. ನಾನು ಅಲ್ಲಿ ನಿಂತು ಎಷ್ಟೋ ಸಲ ಕೈ ಎತ್ತಿದ್ದೇನೆ. ಇಡೀ ವರ್ಷದಲ್ಲಿ ಒಮ್ಮೆಯೂ ನನ್ನ ಸರದಿ ಬರಲಿಲ್ಲ. ಅದರ ಬಗ್ಗೆ ಆಗ ಬೇಸರವಿತ್ತು, ಈಗ ಇಲ್ಲ, ಏಕೆಂದರೆ ನಿಂತ ಜಾಗದಿಂದ ಮುಂದಿನ ಸಾಲಿನವರ ಮಡಿಲಲ್ಲಿದ್ದ ಟಿಪ್ಪಣಿ ಹಾಳೆಗಳು ಕಾಣುತ್ತಿದ್ದವು. ಹಾಳೆಯಲ್ಲಿ ಐದಾರು ಪ್ರಶ್ನೆಗಳನ್ನು ಬರೆದುಕೊಂಡು ಬಂದವರು, ಪಕ್ಕದವರು ಕೇಳಿಬಿಟ್ಟದ್ದನ್ನು ಒಂದೊಂದಾಗಿ ಹೊಡೆದುಹಾಕುತ್ತಾ ಹೋಗುವುದನ್ನು ನೋಡಿದ ಮೇಲೆ, ಕೊನೆಗೆ ಉಳಿಯುವ ಪ್ರಶ್ನೆಯ ಕಡೆಗೆ ನಾನು ಆಗಲೇ ಗಮನ ಕೊಡಬೇಕಿತ್ತು. ಕೊಡಲಿಲ್ಲ.

ಜೂನ್ 8ರಂದು ಅಧ್ಯಕ್ಷರೇ ಆ ಕೋಣೆಗೆ ಬಂದರು. ಯುರೋಪಿನ ಆರ್ಥಿಕ ಬಿಕ್ಕಟ್ಟಿನ ಬಗ್ಗೆ ಮಾತನಾಡುವುದು ಉದ್ದೇಶವಾಗಿತ್ತು. ಸ್ವಂತ ನೀತಿಯ ಸೋಲಿಗೆ ಯುರೋಪನ್ನು ದೂರುತ್ತಿದ್ದೀರೆಂದು ರಿಪಬ್ಲಿಕನ್ನರು ಹೇಳುತ್ತಿದ್ದಾರಲ್ಲ ಎಂಬ ಪ್ರಶ್ನೆಗೆ ಉತ್ತರಿಸುತ್ತಾ, ಖಾಸಗಿ ವಲಯ ಚೆನ್ನಾಗಿಯೇ ನಡೆಯುತ್ತಿದೆ ಎಂದುಬಿಟ್ಟರು. ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳಲ್ಲಿ ಉದ್ಯೋಗ ಕಡಿತವಾಗುತ್ತಿದೆ ಎಂಬುದು ಅವರ ವಾದದ ಮುಖ್ಯ ಭಾಗವಾಗಿತ್ತು, ಆದರೆ ಅದು ಯಾರಿಗೂ ಬೇಕಾಗಿರಲಿಲ್ಲ. ಅದೇ ದಿನ ಫಿಲಿಪ್ಪೀನ್ಸ್ ಅಧ್ಯಕ್ಷ ಬೆನಿಗ್ನೊ ಅಕಿನೊ ಅವರ ಭೇಟಿಯ ವೇಳೆ, ಆರ್ಥಿಕತೆ ಚೆನ್ನಾಗಿಲ್ಲ ಎಂಬುದು ಸ್ಪಷ್ಟ ಎಂದು ತಿದ್ದಿಕೊಂಡರಾದರೂ, ಮೊದಲಿನ ಮಾತು ರಿಪಬ್ಲಿಕನ್ ಎದುರಾಳಿ ಮಿಟ್ ರಾಮ್ನಿ ಪಾಳಯದ ಜಾಹೀರಾತಿಗೆ ಸೇರಿಹೋಗಿತ್ತು. ಒಂದು ವಾಕ್ಯಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದು ಚುನಾವಣಾ ವರ್ಷದಲ್ಲಿ ಪ್ರತಿ ಅಧ್ಯಕ್ಷರಿಗೂ ಹೀಗೆಯೇ ತಿಳಿಯುತ್ತದೆ.

ವಾರ ಕಳೆದು ಜೂನ್ 15ರಂದು, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದ ದಾಖಲೆರಹಿತ ವಲಸಿಗರಿಗೆ ಗಡೀಪಾರಿನಿಂದ ರಕ್ಷಣೆ ನೀಡುವ ನಿರ್ಧಾರವನ್ನು ಶ್ವೇತಭವನದ ರೋಸ್ ಗಾರ್ಡನ್‌ನಲ್ಲಿ ಪ್ರಕಟಿಸುತ್ತಿದ್ದಾಗ, ವರದಿಗಾರರೊಬ್ಬರು ಮಾತಿನ ಮಧ್ಯೆಯೇ ಕೂಗಿ ಪ್ರಶ್ನೆ ಕೇಳಿದರು. ಇದು ಪ್ರಶ್ನೆಯ ಸಮಯವಲ್ಲ ಎಂದು ಅಧ್ಯಕ್ಷರು ಗದರಿದರು. ಮರುದಿನದ ಚರ್ಚೆಯೆಲ್ಲ ಆ ವರದಿಗಾರನ ಅಸಭ್ಯತೆಯ ಸುತ್ತ ನಡೆಯಿತು. ಅದು ಅಸಭ್ಯತೆಯೇ, ಅನುಮಾನವಿಲ್ಲ. ಆದರೆ ನನ್ನ ಪುಸ್ತಕದ ಆ ದಿನದ ಸಾಲಿನಲ್ಲಿ, ಹೇಳಿಕೆ ಮುಗಿದ ಮೇಲೂ ಅಧ್ಯಕ್ಷರು ಯಾರಿಂದಲೂ ಪ್ರಶ್ನೆ ಸ್ವೀಕರಿಸದೆ ಒಳಗೆ ನಡೆದರು ಎಂದು ಬರೆದಿದೆ. ಜೂನ್ 19ರಂದು ಮೆಕ್ಸಿಕೊದ ಲಾಸ್ ಕಾಬೋಸ್‌ನಲ್ಲಿ, ಜಿ-20 ಶೃಂಗಸಭೆಯ ನಂತರ ಒಂದು ಪತ್ರಿಕಾಗೋಷ್ಠಿ ನಡೆಯಿತು. ಅಲ್ಲಿಂದ ಮುಂದೆ ಸುಮಾರು ಎರಡು ತಿಂಗಳು ಶ್ವೇತಭವನದ ವರದಿಗಾರರಿಗೆ ಅವರು ಔಪಚಾರಿಕವಾಗಿ ಸಿಗಲಿಲ್ಲ.

ಹಾಗೆಂದು ಒಬಾಮ ಅವರು ಸುಮ್ಮನಿದ್ದರೇ ಎಂದರೆ, ಇಲ್ಲ. ನನ್ನ ಪುಸ್ತಕದಲ್ಲಿ ಆ ಬೇಸಿಗೆಯ ಪುಟಗಳೇ ಹೆಚ್ಚು ತುಂಬಿವೆ. ಪೈಪೋಟಿ ಬಿರುಸಾಗಿದ್ದ ರಾಜ್ಯಗಳ ಸ್ಥಳೀಯ ಟೀವಿ ನಿರೂಪಕರಿಗೆ ತಲಾ ಕೆಲವು ನಿಮಿಷ ಕೊಟ್ಟರು. ಆಗಸ್ಟ್‌ನಲ್ಲಿ ‘ಪೀಪಲ್’ ಪತ್ರಿಕೆಗೂ ‘ಎಂಟರ್‌ಟೇನ್‌ಮೆಂಟ್ ಟುನೈಟ್’ ಕಾರ್ಯಕ್ರಮಕ್ಕೂ ಸಂದರ್ಶನ ಕೊಟ್ಟರು. ನ್ಯೂ ಮೆಕ್ಸಿಕೊದ ರೇಡಿಯೊ ಕೇಂದ್ರವೊಂದು ಅವರನ್ನು ಕೆಂಪು ಮೆಣಸಿನಕಾಯಿ ಇಷ್ಟವೋ ಹಸಿರೋ ಎಂದು ಕೇಳಿತು. (ಅದು ಆ ರಾಜ್ಯ ಅಧಿಕೃತವಾಗಿ ಅಂಗೀಕರಿಸಿರುವ ಪ್ರಶ್ನೆ, ಹಾಗಾಗಿ ಆ ಉತ್ತರವನ್ನೂ ಮತದ ಲೆಕ್ಕದಲ್ಲಿಯೇ ಓದಬೇಕು.) ಬ್ರೀಫಿಂಗ್ ಕೋಣೆಯಲ್ಲಿ ಇದರ ಬಗ್ಗೆ ಸಿಟ್ಟು ಹೆಪ್ಪುಗಟ್ಟುತ್ತಿತ್ತು. ಆ ಸಿಟ್ಟಿನಲ್ಲಿ ಅರ್ಧ ನ್ಯಾಯವಿತ್ತು, ಅರ್ಧ ಪ್ರತಿಷ್ಠೆಯ ಪ್ರಶ್ನೆಯಿತ್ತು. ಸ್ಥಳೀಯರು ಮೆತ್ತಗಿನ ಪ್ರಶ್ನೆ ಕೇಳುತ್ತಾರೆ ಎಂಬ ವಾಷಿಂಗ್ಟನ್ನಿನ ನಂಬಿಕೆಯನ್ನು ನಾನೂ ಒಪ್ಪಿ ಒಂದು ಲೇಖನ ಬರೆದಿದ್ದೆ. ಅಕ್ಟೋಬರ್ 26ರಂದು ಡೆನ್ವರ್‌ನ ಸ್ಥಳೀಯ ವಾಹಿನಿಯ ನಿರೂಪಕರೊಬ್ಬರು, ಅಮೆರಿಕದ ರಾಯಭಾರಿ ಕ್ರಿಸ್ಟೋಫರ್ ಸ್ಟೀವನ್ಸ್ ಸೇರಿ ನಾಲ್ವರು ಸತ್ತ ಲಿಬಿಯಾದ ಬೆಂಗಾಜಿ ದಾಳಿಯ ವೇಳೆ ನೆರವಿನ ಕೋರಿಕೆಯನ್ನು ತಿರಸ್ಕರಿಸಲಾಯಿತೇ ಎಂದು ಕೇಳಿ, ಉತ್ತರ ನುಣುಚಿದಾಗ ಬಿಡದೆ ಅದನ್ನೇ ಮತ್ತೆ ಕೇಳಿದ್ದನ್ನು ನೋಡಿದ ಮೇಲೆ, ಆ ಲೇಖನವನ್ನು ಬರೆಯಬಾರದಿತ್ತು ಎನ್ನಿಸಿತು.

ಆಗಸ್ಟ್ 20ರ ಸೋಮವಾರ ನಾನು ಶ್ವೇತಭವನಕ್ಕೆ ಹೋಗಿರಲಿಲ್ಲ. ಪತ್ರಿಕಾ ಕಾರ್ಯದರ್ಶಿ ಜೇ ಕಾರ್ನಿ ಅವರ ದಿನನಿತ್ಯದ ಬ್ರೀಫಿಂಗ್ ಅಷ್ಟೇ ಇದೆಯೆಂದುಕೊಂಡು ನನ್ನ ಕೋಣೆಯಲ್ಲಿ ಟೀವಿ ಹಾಕಿ ಕೂತಿದ್ದೆ. ಇದ್ದಕ್ಕಿದ್ದಂತೆ ಒಬಾಮ ಅವರೇ ವೇದಿಕೆಗೆ ಬಂದು, ನೀವು ನನ್ನನ್ನು ಕಾಣದೆ ಬೇಸರಪಟ್ಟುಕೊಂಡಿದ್ದೀರೆಂದು ಜೇ ಹೇಳಿದರು ಎಂದು ನಗಿಸಿ ಮಾತು ಶುರು ಮಾಡಿದರು. ಒಟ್ಟು ನಾಲ್ವರಿಗೆ ಅವಕಾಶ ಕೊಟ್ಟರು. ಹಿಂದಿನ ದಿನವಷ್ಟೇ ಮಿಸೂರಿಯ ಸೆನೆಟ್ ಅಭ್ಯರ್ಥಿ ಟಾಡ್ ಅಕಿನ್, ‘ನಿಜವಾದ’ ಅತ್ಯಾಚಾರದಲ್ಲಿ ಹೆಣ್ಣು ಗರ್ಭಿಣಿಯಾಗುವುದು ಅಪರೂಪ ಎಂಬರ್ಥದಲ್ಲಿ ಆಡಿದ ಮಾತು ದೇಶವಿಡೀ ಹೊತ್ತಿಕೊಂಡಿತ್ತು. ಮೊದಲ ಪ್ರಶ್ನೆ ಅದೇ ಆಗಿತ್ತು, ಅತ್ಯಾಚಾರವೆಂದರೆ ಅತ್ಯಾಚಾರವೇ ಎಂಬ ಅಧ್ಯಕ್ಷರ ಉತ್ತರ ಅಚ್ಚಿಗೆ ಹೇಳಿ ಮಾಡಿಸಿದಂತಿತ್ತು. ಭಾರತದಲ್ಲಿ ಆಗ ರಾತ್ರಿ ಹತ್ತೂವರೆ ದಾಟಿತ್ತು, ಪುಟ ಮುಗಿಸುವ ಹೊತ್ತು. ಪ್ರಶ್ನೋತ್ತರ ಇನ್ನೂ ನಡೆಯುತ್ತಿರುವಾಗಲೇ ನಾನು ಲೀಡ್, ಅಂದರೆ ವರದಿಯ ಮೊದಲ ಪ್ಯಾರಾ, ಬರೆಯತೊಡಗಿದೆ. ಪ್ರಚಾರದ ಭಾಷೆಯ ಬಗ್ಗೆ, ಅಫ್ಗಾನಿಸ್ತಾನದ ಬಗ್ಗೆ ಪ್ರಶ್ನೆಗಳು ಬಂದು ಹೋದವು. ಕೊನೆಯವರಾದ ಎನ್‌ಬಿಸಿಯ ಚಕ್ ಟಾಡ್, ಅಂತರ್ಯುದ್ಧದಲ್ಲಿದ್ದ ಸಿರಿಯಾದ ರಾಸಾಯನಿಕ ಅಸ್ತ್ರಗಳ ಸುರಕ್ಷತೆಗಾಗಿಯಾದರೂ ಸೇನೆಯನ್ನು ಬಳಸುವಿರಾ ಎಂದು ಕೇಳಿದರು. ಅಂಥ ಅಸ್ತ್ರಗಳು ದೊಡ್ಡ ಪ್ರಮಾಣದಲ್ಲಿ ಅತ್ತಿತ್ತ ಸಾಗುವುದು ಅಥವಾ ಬಳಕೆಯಾಗುವುದು ತಮ್ಮ ಪಾಲಿಗೆ ಕೆಂಪು ಗೆರೆಯೆಂದೂ, ಹಾಗಾದರೆ ತಮ್ಮ ಲೆಕ್ಕಾಚಾರ ಬದಲಾಗುವುದೆಂದೂ ಒಬಾಮ ಹೇಳಿದರು. ನಾನು ಟೈಪ್ ಮಾಡುತ್ತಲೇ ಕಿವಿಗೊಟ್ಟು, ಅದನ್ನು ಕಾಪಿಯ ಕೊನೆಯ ಪ್ಯಾರಾ ಮಾಡಿ ಕಳುಹಿಸಿದೆ.

ಮರುದಿನ ಬೆಳಿಗ್ಗೆ ಅಮೆರಿಕದ ಪತ್ರಿಕೆಗಳನ್ನು ನೋಡಿದಾಗ ಆ ಕೊನೆಯ ಉತ್ತರಕ್ಕೆ ಅವು ಕೊಟ್ಟಿದ್ದ ಜಾಗ ನೋಡಿ ನನಗೆ ನಾಚಿಕೆಯಾಯಿತು. ಅಂದು ಪೂರ್ಣಪಾಠವನ್ನು ಮುದ್ರಿಸಿಕೊಂಡು ಮತ್ತೆ ಓದಿದೆ, ಈ ಸಲ ಕೊನೆಯ ಹಾಳೆಯಿಂದ. ಮೊದಲ ಪ್ರಶ್ನೆ ಏನಿರಬಹುದೆಂದು ಅಧ್ಯಕ್ಷರಿಗೂ ಅವರ ಸಿಬ್ಬಂದಿಗೂ ಊಹೆ ಇರುತ್ತದೆ, ಉತ್ತರವೂ ಸಿದ್ಧವಾಗಿರುತ್ತದೆ. ಹಾಳೆಯ ಮೇಲೆ ಹೊಡೆದುಹಾಕದೆ ಉಳಿದ ಪ್ರಶ್ನೆ ಬರುವ ಹೊತ್ತಿಗೆ ಸಿದ್ಧತೆ ಮುಗಿದಿರುತ್ತದೆ, ಹೊರಡುವ ಆತುರವೂ ಸೇರಿಕೊಂಡಿರುತ್ತದೆ. ಹಳೆಯ ದಾಖಲೆಗಳನ್ನು ತಿರುವಿದಾಗ ಅಧ್ಯಕ್ಷ ಐಸೆನ್‌ಹೋವರ್ ಅವರ 1960ರ ಆಗಸ್ಟ್ 24ರ ಪತ್ರಿಕಾಗೋಷ್ಠಿ ಸಿಕ್ಕಿತು. ಉಪಾಧ್ಯಕ್ಷ ನಿಕ್ಸನ್ ಅವರು ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ವರ್ಷವದು. ನಿಕ್ಸನ್ ಕೊಟ್ಟ ಸಲಹೆಗಳಲ್ಲಿ ನೀವು ಅಂಗೀಕರಿಸಿದ ಒಂದು ಪ್ರಮುಖ ಸಲಹೆಯನ್ನು ಹೇಳಿ ಎಂದು ಗೋಷ್ಠಿ ಮುಗಿಯುವ ಹೊತ್ತಿಗೆ ಒಬ್ಬರು ಕೇಳಿದರು. ಒಂದು ವಾರ ಸಮಯ ಕೊಟ್ಟರೆ ನೆನಪಾದೀತು ಎಂದುಬಿಟ್ಟರು ಐಸೆನ್‌ಹೋವರ್. ನಿಕ್ಸನ್ ಅವರ ಎದುರಾಳಿ ಕೆನಡಿ ಅವರ ಪ್ರಚಾರ ಅದನ್ನು ಟೀವಿ ಜಾಹೀರಾತು ಮಾಡಿಕೊಂಡಿತು. ಅಂದಿನಿಂದ ನಾನು ಯಾವ ಪೂರ್ಣಪಾಠವನ್ನೂ ಮೇಲಿನಿಂದ ಓದಿಲ್ಲ.

ಸೆಪ್ಟೆಂಬರ್ ಬರುವ ವೇಳೆಗೆ ಆರನೆಯ ಕಲಂ, ಅಂದರೆ ಪೂರ್ಣಪಾಠದ ಕಲಂ, ಹೆಸರಿನ ಕಲಮ್ಮಿಗಿಂತ ಮುಖ್ಯವಾಯಿತು. ಒಬಾಮ, ರಾಮ್ನಿ ಇಬ್ಬರ ಪ್ರಚಾರ ತಂಡದವರೂ ತಮ್ಮ ಹೇಳಿಕೆಗಳನ್ನು ಅಚ್ಚಿಗೆ ಮುಂಚೆ ತೋರಿಸಿ ಒಪ್ಪಿಗೆ ಪಡೆಯಬೇಕೆಂದು ವರದಿಗಾರರಿಗೆ ಷರತ್ತು ಹಾಕುತ್ತಿದ್ದಾರೆ ಎಂಬ ಸಂಗತಿಯನ್ನು ‘ನ್ಯೂಯಾರ್ಕ್ ಟೈಮ್ಸ್’ ಜುಲೈನಲ್ಲೇ ಬಯಲು ಮಾಡಿತ್ತು. ಸೆಪ್ಟೆಂಬರಿನಲ್ಲಿ ತನ್ನ ಸಿಬ್ಬಂದಿಗೆ ಅದನ್ನು ನಿಷೇಧಿಸಿತು. ರೂಸ್‌ವೆಲ್ಟ್ ಅವರು 1933ರಲ್ಲಿ ತಮ್ಮ ಮಾತನ್ನು ಲಿಖಿತ ಅನುಮತಿಯಿಲ್ಲದೆ ಯಥಾವತ್ತಾಗಿ ಉದ್ಧರಿಸುವಂತಿಲ್ಲ ಎಂಬ ನಿಯಮವನ್ನು ಎಲ್ಲರೆದುರು ಹೇಳಿಯೇ ಶುರು ಮಾಡಿದ್ದರು. 2012ರ ಷರತ್ತು ಓದುಗನಿಗೆ ಗೊತ್ತಿರಲಿಲ್ಲ. ನನಗೆ ಕಂಡ ವ್ಯತ್ಯಾಸ ಅದು. ನನ್ನನ್ನೂ ಪ್ರಚಾರ ತಂಡದ ಸಹಾಯಕರೊಬ್ಬರು ಎರಡು ವಾಕ್ಯಗಳಿಗೆ ಹಾಗೆಯೇ ಕೇಳಿದ್ದರು. ನಾನು ಒಪ್ಪಿದೆ, ಆ ಎರಡು ವಾಕ್ಯಗಳು ತಿದ್ದಿ ಬಂದಾಗ ಅವುಗಳಲ್ಲಿ ಏನೂ ಉಳಿದಿರಲಿಲ್ಲ, ಬಳಸಲಿಲ್ಲ.

ಇದೇ ಕಲಮ್ಮಿನಲ್ಲಿ ನಾನು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದು ಅಯೋವಾದ ‘ಡೆ ಮಾಯಿನ್ ರಿಜಿಸ್ಟರ್’ ಪ್ರಕರಣಕ್ಕೆ. ಅಕ್ಟೋಬರ್ ಕೊನೆಯಲ್ಲಿ, ಯಾರನ್ನು ಬೆಂಬಲಿಸಬೇಕೆಂದು ಪತ್ರಿಕೆ ನಿರ್ಧರಿಸುವ ಮೊದಲು, ಒಬಾಮ ಅವರು ಅದರ ಸಂಪಾದಕರೊಂದಿಗೆ ಫೋನಿನಲ್ಲಿ ಮಾತನಾಡಿದರು, ಆದರೆ ಪ್ರಕಟಿಸುವಂತಿಲ್ಲ ಎಂಬ ಷರತ್ತಿನ ಮೇಲೆ. ಸಂಪಾದಕರು ಆ ಷರತ್ತಿನ ವಿಷಯವನ್ನೇ ಓದುಗರ ಮುಂದಿಟ್ಟರು. ಮರುದಿನ ಶ್ವೇತಭವನ ಮಣಿದು ಮಾತುಕತೆಯ ಪೂರ್ಣಪಾಠವನ್ನು ಬಿಟ್ಟುಕೊಟ್ಟಿತು. ಓದಿದರೆ ಮುಚ್ಚಿಡುವಂಥದ್ದು ಅದರಲ್ಲಿ ಬಹಳವೇನೂ ಇರಲಿಲ್ಲ. ಎರಡನೆಯ ಅವಧಿಯಲ್ಲಿ ವಲಸೆ ಸುಧಾರಣೆ ಮಾಡುವ ಮಾತಿತ್ತು. ಪತ್ರಿಕೆ ಆ ವಾರಾಂತ್ಯ ರಾಮ್ನಿ ಅವರನ್ನು ಬೆಂಬಲಿಸಿತು. ಅದು ರಿಪಬ್ಲಿಕನ್ ಅಭ್ಯರ್ಥಿಯೊಬ್ಬರನ್ನು ಬೆಂಬಲಿಸಿದ್ದು 1972ರ ನಂತರ ಅದೇ ಮೊದಲು. ಅಯೋವಾವನ್ನು ಗೆದ್ದವರು ಒಬಾಮ.

ಗೆದ್ದ ಮೇಲಿನ ಮೊದಲ ಪತ್ರಿಕಾಗೋಷ್ಠಿ ನವೆಂಬರ್ 14ರಂದು ಶ್ವೇತಭವನದ ಈಸ್ಟ್ ರೂಮಿನಲ್ಲಿ ನಡೆಯಿತು. ಅದರ ಪೂರ್ಣಪಾಠವನ್ನು ರೂಢಿಯಂತೆ ತಳದಿಂದ ಓದಿದೆ. ಅವರು ಹೊರಡುತ್ತಿರುವಾಗ ಯಾರೋ ಒಬ್ಬರು ಕೂಗಿ ಪ್ರಶ್ನೆ ಕೇಳಿದ್ದರು. ಬಹಳ ಒಳ್ಳೆಯ ಪ್ರಶ್ನೆ, ಆದರೆ ಕೂಗಿದರೆಂಬ ಕಾರಣಕ್ಕೆ ಉತ್ತರಿಸಿದರೆ ಕೆಟ್ಟ ಮೇಲ್ಪಂಕ್ತಿಯಾಗುತ್ತದೆ ಎಂದು ಹೇಳಿ ಅಧ್ಯಕ್ಷರು ಹೊರಟುಹೋದರು. ಚುನಾವಣಾ ವರ್ಷದ ನನ್ನ ಪುಸ್ತಕದ ಕೊನೆಯ ಸಾಲು ಅದೇ.

2013ರ ಆಗಸ್ಟ್ 21ರಂದು ಸಿರಿಯಾದ ರಾಜಧಾನಿ ಡಮಾಸ್ಕಸ್ ಹೊರವಲಯದ ಘೌಟಾದಲ್ಲಿ ವಿಷಾನಿಲದ ದಾಳಿಯಾಯಿತು. ಆ ವಾರ ನಮ್ಮ ಸುದ್ದಿ ಸಂಪಾದಕರು ಫೋನ್ ಮಾಡಿ, “ಕೆಂಪು ಗೆರೆ ಅಂದಿದ್ದರಲ್ಲ, ಆ ದಿನದ ನಿಮ್ಮ ವರದಿ ಹುಡುಕಿಸಿದೆ, ಅದರಲ್ಲಿ ಆ ಮಾತೇ ಇಲ್ಲವಲ್ಲ ರೀ” ಎಂದರು. ಜಾಗ ಸಾಲದೆ ಡೆಸ್ಕಿನಲ್ಲಿ ಕೊನೆಯ ಪ್ಯಾರಾ ಕತ್ತರಿಸಿದ್ದರು. ನಾನು ಲೆಕ್ಕದ ಪುಸ್ತಕ ತೆಗೆದು, ಆಗಸ್ಟ್ 20ರ ನಾಲ್ಕನೆಯ ಪ್ರಶ್ನೆಯ ಸಾಲನ್ನು ಅವರಿಗೆ ಫೋನಿನಲ್ಲಿ ನಿಧಾನವಾಗಿ ಓದಿ ಬರೆಸಿದೆ.