ಶ್ರೀಲಂಕಾದಲ್ಲಿ ಎಂಟು ದಿನ ಹೊರಗೇ ಉಂಡ ಸಸ್ಯಾಹಾರಿ ಸಂಸಾರ: ನನ್ನ ಅನುಭವ

ಎರಡನೆಯ ಸಲ ಶ್ರೀಲಂಕಾಕ್ಕೆ ಹೊರಟಾಗ ಅವಲಕ್ಕಿ, ಚಟ್ನಿಪುಡಿ, ಸಣ್ಣ ಕುಕ್ಕರು ಯಾವುದನ್ನೂ ಒಯ್ಯುವುದಿಲ್ಲ ಎಂದು ನಾನು ಹೇಳಿದ್ದಕ್ಕೆ ಮನೆಯವರೆಲ್ಲ ನಕ್ಕಿದ್ದರು. “ಅಲ್ಲಿ ಮೀನಿಲ್ಲದೆ ಸಾರೂ ಕುದಿಯುವುದಿಲ್ಲ ಮಾರಾಯ, ಮಕ್ಕಳನ್ನು ಉಪವಾಸ ಕೆಡವಬೇಡ” ಎಂದು ಭಾವ ಎಚ್ಚರಿಸಿದ್ದರು. ಆದರೆ ಎಂಟು ದಿನವೂ ನಾವು ನಾಲ್ವರು ಮೂರು ಹೊತ್ತೂ ಹೊರಗೇ ತಿಂದೆವು. ದಿನದ ಖರ್ಚು ಅಲ್ಲಿಯ ಹಣದಲ್ಲಿ ಸುಮಾರು 6,000, ನಮ್ಮ ಹಣದಲ್ಲಿ 1,700 ರೂಪಾಯಿಯ ಆಸುಪಾಸಿನಲ್ಲಿ ನಿಂತಿತು.

ಮೊದಲ ಸಲ ಇದರ ಮೂರು ಪಟ್ಟು ಸುರಿದಿದ್ದೆ. ಕಡಲತೀರದ ರೆಸ್ಟೋರೆಂಟುಗಳಲ್ಲಿ ದರಪಟ್ಟಿ ನೋಡಿ ಲೆಕ್ಕ ಹಾಕಿಕೊಂಡು ಕೂರುತ್ತಿದ್ದೆನೇ ಹೊರತು, ಅದರ ಮೇಲೆ ಶೇ. 10 ಸೇವಾ ಶುಲ್ಕ ಮತ್ತು ತೆರಿಗೆ ಸೇರುತ್ತವೆ ಎಂಬುದನ್ನು ಗಮನಿಸುತ್ತಿರಲಿಲ್ಲ. 2024ರಿಂದ ವ್ಯಾಟ್ ಒಂದೇ ಶೇ. 18 ಆಗಿದೆ. ಅದಕ್ಕಿಂತ ದೊಡ್ಡ ಸೋಲು ‘ವೆಜಿಟೇರಿಯನ್’ ಎಂಬ ಪದವನ್ನು ನಂಬಿದ್ದು. ತೆಂಗಿನತುರಿಯ ಪೊಲ್ ಸಂಬೋಲವನ್ನು ಮೂರು ದಿನ ಚಪ್ಪರಿಸಿದ ಮೇಲೆ, ಅದರೊಳಗೆ ಉಂಬಲಕಡ ಎಂಬ ಒಣಮೀನಿನ ಪುಡಿ ಇರುತ್ತದೆಂದು ತಿಳಿಯಿತು. ಕೆಲವರು ಅದನ್ನು ಬೇಳೆಗೂ ಉದುರಿಸುತ್ತಾರೆ. ಈ ಸಲ ಸಸ್ಯಾಹಾರದ ಮಾತನ್ನೇ ಎತ್ತದೆ “ಮಾಳು ಎಪಾ, ಮಸ್ ಎಪಾ, ಉಂಬಲಕಡ ಎಪಾ” (ಮೀನು ಬೇಡ, ಮಾಂಸ ಬೇಡ, ಒಣಮೀನಿನ ಪುಡಿ ಬೇಡ) ಎಂದು ಬೇಡವಾದದ್ದನ್ನು ಒಂದೊಂದಾಗಿ ಹೇಳಿದೆ. ಬಡಿಸುವ ಹೆಂಗಸರನ್ನು “ಅಕ್ಕೇ” ಎಂದು ಕರೆದರೆ ಸಿಂಹಳದಲ್ಲೂ ಅಕ್ಕ ಅಕ್ಕನೇ ಆದ್ದರಿಂದ ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ದೊಡ್ಡ ಊಟವನ್ನು ಮಧ್ಯಾಹ್ನಕ್ಕೇ ಇಟ್ಟುಕೊಂಡದ್ದು ಈ ಸಲದ ಮುಖ್ಯ ಬದಲಾವಣೆ. ‘ಹೋಟೆಲ್’ ಎಂಬ ಫಲಕವಿದ್ದು ಮಲಗಲು ಕೋಣೆಯಿಲ್ಲದ, ನಮ್ಮೂರಿನಂಥದ್ದೇ ಊಟದ ಅಂಗಡಿಗಳಲ್ಲಿ ಅನ್ನ, ಬೇಳೆ, ಬೀಟ್‌ರೂಟು, ಸೊಪ್ಪಿನ ಮಲ್ಲುಂಗ್, ಅದೃಷ್ಟವಿದ್ದರೆ ಪೊಲೊಸ್ ಎಂಬ ಎಳೆಹಲಸಿನ ಪಲ್ಯ ಇವೆಲ್ಲ ಸೇರಿ ತಲೆಗೆ 450ರಿಂದ 600 ಶ್ರೀಲಂಕಾ ರೂಪಾಯಿ. ಮಧ್ಯಾಹ್ನ ಒಂದೂವರೆಯ ಮೇಲೆ ಹೋದರೆ ಪಾತ್ರೆಯ ತಳವಷ್ಟೇ ಸಿಗುತ್ತದೆ. ಎರಡು ದಿನ ಹಾಗಾಗಿ ಬಿಸ್ಕತ್ತು ತಿಂದೆವು. ಬಸ್ಸಿನಲ್ಲಿ ಹೋಗುವ ದಿನ ಹನ್ನೊಂದೂವರೆಗೇ ‘ಬತ್ ಪ್ಯಾಕೆಟ್’ ಎಂಬ ಅನ್ನದ ಪೊಟ್ಟಣ ಕಟ್ಟಿಸಿಕೊಂಡರೆ ಎರಡು ಪೊಟ್ಟಣ ಮೂವರಿಗೆ ಸಾಕಾಗುತ್ತದೆ. ಒಳ್ಳೆಯ ಅಂಗಡಿಯನ್ನು ಹೊರಗಿನಿಂದಲೇ ಗುರುತಿಸಲು ನನ್ನಲ್ಲಿ ಒಂದು ಉಪಾಯವಿದೆ. ಅದನ್ನೂ, ಮಿರಿಸ್ಸ ಎಂಬ ಕಡಲತೀರದ ಊರಿನ ಒಳದಾರಿಯಲ್ಲಿ ನನಗೆ ಸಿಕ್ಕ ಒಂದು ಅಂಗಡಿಯ ಗುರುತನ್ನೂ ಇಲ್ಲಿ ಬಿಟ್ಟುಕೊಡಲಾರೆ.

ಸಂಜೆ ಆಪ್ಪ, ಅಂದರೆ ಕೇರಳದ ಅಪ್ಪಂನಂಥದ್ದು. ಕಾದ ಕಾವಲಿಯ ಮೇಲೆ ರೊಟ್ಟಿಯನ್ನು ಹೆಚ್ಚಿ ಮಾಡುವ ಕೊತ್ತುವನ್ನು ನಾನು ಕೈಬಿಟ್ಟೆ, ಏಕೆಂದರೆ ಎರಡು ಕಡೆ ತರಕಾರಿ ಕೊತ್ತು ಹೇಳಿದರೂ ಕೋಳಿ ಹೆಚ್ಚಿದ ಅದೇ ಕಾವಲಿಯ ಮೇಲೆ ಹೆಚ್ಚಿದರು, ಒಬ್ಬನಂತೂ ಮೇಲೊಂದು ಸೌಟು ಕೋಳಿಸಾರನ್ನೂ ಸುರಿದ. ‘ಶಾರ್ಟ್ ಈಟ್ಸ್’ ಎಂಬ ಸಣ್ಣ ತಿಂಡಿಗಳನ್ನು ತಟ್ಟೆ ತುಂಬಿಸಿ ಮೇಜಿನ ಮೇಲಿಟ್ಟಾಗ ತಿಂದಷ್ಟಕ್ಕೇ ಹಣವೆಂಬುದು ಗೊತ್ತಿತ್ತು. ತ್ರಿಕೋನದ ರೊಟ್ಟಿಯೆಂದರೆ ತರಕಾರಿಯದೇ ಎಂದುಕೊಂಡು ಕೇಳದೆ ಕಚ್ಚಿದ್ದು ಮಾತ್ರ ನನ್ನ ತಪ್ಪು.

ಕ್ಯಾಂಡಿಯ ಕಡೆ ಹೋದವರು ಗನ್ನೊರುವದ ‘ಹೆಲ ಬೊಜುನ್’ ತಪ್ಪಿಸಬಾರದು. ಅಲ್ಲಿಯ ಕೃಷಿ ಇಲಾಖೆಯ ಈ ಕೇಂದ್ರದಲ್ಲಿ ಊರಿನ ಹೆಂಗಸರೇ ಕಣ್ಣೆದುರಿಗೆ ಅಡುಗೆ ಮಾಡಿ ಕೊಡುತ್ತಾರೆ. ನಾಲ್ವರೂ ಹೊಟ್ಟೆತುಂಬ ತಿಂದು 1,300 ಕೊಟ್ಟ ನೆನಪು. ಅವರ ಕುರಕ್ಕನ್ ಎಂದರೆ ನಮ್ಮ ರಾಗಿಯೇ. ರಾಗಿಹಿಟ್ಟಿಗೆ ಬೆಲ್ಲ, ಕಾಯಿತುರಿ ಕಲಸಿ ಎಲೆಯಲ್ಲಿ ಮಡಿಸಿ ಹಬೆಯಲ್ಲಿ ಬೇಯಿಸುವ ಹಲಪವನ್ನು ಊರಿಗೆ ಬಂದು ಅರಿಶಿನದ ಎಲೆಯಲ್ಲಿ ಮಾಡಿ ನೋಡಿದೆ. ಮೊದಲೆರಡು ಸಲ ಅಂಟಾಯಿತು. ಬೆಲ್ಲವನ್ನು ಪಾಕ ಮಾಡಿ ಅದರಲ್ಲೇ ಹಿಟ್ಟು ಮಗುಚಿದ ಮೇಲೆ ಹದಕ್ಕೆ ಬಂತು. ಎಮ್ಮೆ ಮೊಸರಿಗೆ ಅವರು ಸುರಿಯುವ ಕಿತುಲ್ ಪಾಕವೂ ನಮ್ಮ ಬೈನೆ ಮರದ್ದೇ, ಆದರೆ ಸಕ್ಕರೆ ಬೆರೆಸದ್ದು ಸಿಗುವುದು ಕಷ್ಟ. ನಾನು ತಂದ ಎರಡು ಬಾಟಲಿಗಳಲ್ಲಿ ಒಂದು ಬರೀ ಸಕ್ಕರೆಪಾಕ.

ರೆಸ್ಟೋರೆಂಟಿಗೆ ಹೋದದ್ದು ಗಾಲೆ ಕೋಟೆಯೊಳಗೆ ಒಂದೇ ರಾತ್ರಿ, ಹೆಂಡತಿಯ ಹುಟ್ಟುಹಬ್ಬಕ್ಕೆ. ಬಿಲ್ಲು ಎರಡು ದಿನದ ಖರ್ಚನ್ನು ನುಂಗಿತು, ರುಚಿ ಸಾಧಾರಣ. ಕೊನೆಯ ಸಂಜೆ ಕೊಲಂಬೊದ ಗಾಲ್ ಫೇಸ್ ಬಯಲಿನಲ್ಲಿ ಸೀಗಡಿ ಒತ್ತಿದ ಇಸ್ಸೊ ವಡೆಯವನಿಂದ ಸೀಗಡಿಯಿಲ್ಲದ ಬೇಳೆವಡೆ ಕೇಳಿ ಪಡೆದೆ. ಎಣ್ಣೆ ಅದೇ ಅಲ್ಲವೇ ಎಂದು ಹೆಂಡತಿ ಮುಟ್ಟದೆ ತಂಬಿಲಿ ಎಳನೀರು ಕುಡಿದು ಕುಳಿತಳು. ನಾನು ಮೂರು ತಿಂದೆ.