ಅಪರೂಪದ ಹಕ್ಕಿಯ ಬೆನ್ನು ಹತ್ತಿ ಮೂರು ಬೆಳಗು

ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಇಬರ್ಡ್ ಜಾಲತಾಣದಲ್ಲಿ ಅಪರೂಪದ ಹಕ್ಕಿಗಳಿಗೆ ಅಲರ್ಟ್ ಹಾಕಿಟ್ಟು ಬಹಳ ವರ್ಷಗಳಾದವು. ದಿನಾ ಬರುವ ಸಂದೇಶಗಳಲ್ಲಿ ಹೆಚ್ಚಿನವನ್ನು ನೋಡಿ ಸುಮ್ಮನಾಗುತ್ತೇನೆ. ಆ ಸಂಜೆ ಬಂದ ಹೆಸರು ಹಾಗೆ ಬಿಡುವಂಥದ್ದಾಗಿರಲಿಲ್ಲ: ರೆಡ್-ನೆಕ್ಡ್ ಫ್ಯಾಲರೋಪ್. ಉತ್ತರ ಧ್ರುವದ ಸುತ್ತಲಿನ ಟಂಡ್ರಾದಲ್ಲಿ ಮರಿ ಮಾಡಿ, ಚಳಿಗಾಲವನ್ನು ನಡುಗಡಲಲ್ಲಿ ತೇಲುತ್ತಲೇ ಕಳೆಯುವ ಹಕ್ಕಿ. ಅದು ಒಳನಾಡಿನ ಒಂದು ಕೆರೆಗೆ ಇಳಿದಿತ್ತು. ನಾನು ಅದುವರೆಗೆ ಕಂಡಿರಲಿಲ್ಲ. ಹಕ್ಕಿ ನೋಡುವ ನಮ್ಮಂಥವರ ಭಾಷೆಯಲ್ಲಿ ಹೇಳುವುದಾದರೆ, ಲೈಫರ್: ಬದುಕಿನಲ್ಲಿ ಮೊದಲ ಸಲ ಕಾಣುವ ಜಾತಿ.

ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಹೊರಟೆ. ತಪ್ಪಾದದ್ದು ಅಲ್ಲೇ. ಹೆಸರು, ನಕ್ಷೆಯ ಮೇಲಿನ ಗುರುತು ಇವೆರಡನ್ನು ಬಿಟ್ಟು ಬೇರೇನನ್ನೂ ನಾನು ಓದಿರಲಿಲ್ಲ. ಕೆರೆ ದೊಡ್ಡದು. ಸೂರ್ಯ ಬೆನ್ನಿಗಿರಲಿ ಎಂದು ಪೂರ್ವದ ದಂಡೆಯಲ್ಲಿ ಸ್ಕೋಪ್ (ಕಾಲುಗಳ ಮೇಲೆ ನಿಲ್ಲಿಸುವ ದೂರದರ್ಶಕ) ನಿಲ್ಲಿಸಿ ಮೂರು ಗಂಟೆ ನೀರನ್ನು ಜಾಲಾಡಿದೆ. ಉಲ್ಲಂಕಿಗಳು, ಮೆಟ್ಟುಗಾಲು ಹಕ್ಕಿಗಳು, ಒಂದಷ್ಟು ಬಾತುಗಳು. ಬೆಳಕು ಚೆನ್ನಾಗಿತ್ತು, ಹಕ್ಕಿ ಇರಲಿಲ್ಲ. ಒಂಬತ್ತೂವರೆಗೆ ಸ್ಕೋಪ್ ಮಡಚಿ ವಾಪಸಾದೆ. ಇದನ್ನು ಡಿಪ್ ಆಗುವುದು ಎನ್ನುತ್ತಾರೆ. ಎಷ್ಟು ಸಲ ಆದರೂ ದಾರಿಯುದ್ದಕ್ಕೂ ಮನಸ್ಸು ಭಾರ.

ರಾತ್ರಿ ಕೂತು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಹಕ್ಕಿಯನ್ನು ಮೊದಲು ಕಂಡವರಿಗೆ ಬರೆದು ಮೂರು ವಿಷಯ ಕೇಳಿದೆ: ಕೆರೆಯ ಯಾವ ಮೂಲೆ, ಎಷ್ಟು ಹೊತ್ತಿಗೆ, ಏನು ಮಾಡುತ್ತಿತ್ತು. ಕೂಡಲೇ ಉತ್ತರ ಬಂತು. 'ಹನ್ನೊಂದರ ಮೇಲೆ, ಗಾಳಿ ಎದ್ದಾಗ. ನೊರೆ ಬಂದು ಸೇರುವ ದಂಡೆಯಲ್ಲಿ. ಬುಗುರಿ ಹಾಗೆ ಸುತ್ತುತ್ತಿತ್ತು.' ಇಷ್ಟೇ ಸಾಕಿತ್ತು. ನೀರಿನ ಮೇಲೆ ಬಿದ್ದ ಸಣ್ಣ ಹುಳುಗಳನ್ನು ಗಾಳಿ ತಳ್ಳಿಕೊಂಡು ಹೋಗಿ ಒಂದು ಬದಿಗೆ ರಾಶಿ ಹಾಕುತ್ತದೆ. ಹಕ್ಕಿ ಹೋಗುವುದೂ ಅಲ್ಲಿಗೇ. ನಾನು ನನ್ನ ಕಣ್ಣಿಗೆ ಅನುಕೂಲವಾದ ದಂಡೆ ನೋಡಿಕೊಂಡಿದ್ದೆ, ಅದರ ಹೊಟ್ಟೆಗೆ ಅನುಕೂಲವಾದದ್ದನ್ನು ಯೋಚಿಸಿರಲಿಲ್ಲ.

ಎರಡನೆಯ ದಿನ ಹತ್ತಕ್ಕೆ ಹೋಗಿ, ನೊರೆ ಸೇರುವ ಪಶ್ಚಿಮದ ದಂಡೆಯಲ್ಲಿ, ನೀರಿನಿಂದ ಸಾಕಷ್ಟು ಹಿಂದೆ, ಪೊದೆಗೆ ಒರಗಿ ಕೂತೆ. ಹನ್ನೊಂದೂಕಾಲಿಗೆ ನೊರೆಯ ಗೆರೆಯ ಮೇಲೆ ಬೂದುಬಣ್ಣದ ಏನೋ ಒಂದು ತೇಲಿಬಂತು. ಮೊದಲು ಗರಿಯ ತುಂಡು ಅಂದುಕೊಂಡೆ. ಅದು ತಿರುಗತೊಡಗಿತು. ನಿಂತಲ್ಲೇ ಒಂದೇ ದಿಕ್ಕಿಗೆ ಸುತ್ತು ಹಾಕುತ್ತಾ, ಪ್ರತಿ ಸುತ್ತಿಗೂ ಕೊಕ್ಕನ್ನು ನೀರಿಗೆ ತಾಗಿಸುತ್ತಿತ್ತು. ಹೀಗೆ ಸುತ್ತುವಾಗ ಕೆಳಗಿನ ನೀರು ಮೇಲಕ್ಕೆ ಎಳೆದುಕೊಂಡು ಬರುತ್ತದೆ, ಅದರೊಡನೆ ಸೂಕ್ಷ್ಮಜೀವಿಗಳೂ. ಕೊಕ್ಕಿನ ತುದಿಗೆ ಅಂಟಿದ ಹನಿ, ಹಕ್ಕಿ ಕೊಕ್ಕು ಅಗಲಿಸುತ್ತಿದ್ದಂತೆ ಆಹಾರದ ಸಮೇತ ಬಾಯಿಯತ್ತ ತಾನೇ ಏರುತ್ತದೆ. ಓದಿ ತಿಳಿದಿದ್ದೆ, ಹನಿ ಸ್ಕೋಪಿಗೂ ಕಾಣಲಿಲ್ಲ, ಆದರೆ ಕೊಕ್ಕು ಬಿಚ್ಚಿ ಮುಚ್ಚುವ ಆ ಚುರುಕು ಕಂಡಿತು.

ಕಂಡ ಸಂತೋಷದಲ್ಲಿ ಹೆಸರು ಬರೆದುಬಿಡುವುದು ಸುಲಭ. ಇದಕ್ಕೆ ಹತ್ತಿರದ ಇನ್ನೊಂದು ಜಾತಿ ಇದೆ, ರೆಡ್ ಫ್ಯಾಲರೋಪ್. ಚಳಿಗಾಲದ ವೇಷದಲ್ಲಿ ಎರಡಕ್ಕೂ ಕಣ್ಣಿನ ಹಿಂದೆ ಕಪ್ಪು ಪಟ್ಟಿ, ಎರಡೂ ಬೂದುಬಿಳಿ. ಹಾಗಾಗಿ ಕೊಕ್ಕು ನೋಡಬೇಕು: ನನ್ನ ಹಕ್ಕಿಯದು ಸೂಜಿಯಂತೆ ಸಪೂರ, ಪೂರಾ ಕಪ್ಪು, ಇನ್ನೊಂದರದು ದಪ್ಪ. ಬೆನ್ನಿನ ಮೇಲೆ ಉದ್ದುದ್ದ ಬಿಳಿ ಗೆರೆಗಳಿದ್ದವು, ಇನ್ನೊಂದರ ಬೆನ್ನು ಸಪಾಟು ಬೂದು. ಇವನ್ನೆಲ್ಲ ಅಲ್ಲೇ ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ಕ್ಯಾಮೆರಾ ತೆಗೆದದ್ದು. ಮೊದಲು ಕಣ್ಣು, ಆಮೇಲೆ ಲೆನ್ಸ್ ಎಂಬ ಈ ಕ್ರಮವನ್ನು ನಾನು ಬಿಡುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಇನ್ನೂ ಏಳೆಂಟು ಜನ ಸೇರಿದರು. ಒಬ್ಬರು ಫೋಟೊಗೆಂದು ಕೆಸರಿಗಿಳಿದು ಮುಂದೆ ಮುಂದೆ ಹೋದರು. ಹಕ್ಕಿ ಸುತ್ತುವುದನ್ನು ನಿಲ್ಲಿಸಿ ಕತ್ತು ನೀಳ ಮಾಡಿತು, ಮತ್ತೆರಡು ಹೆಜ್ಜೆಗೆ ಹಾರಿ ನಡುಕೆರೆ ಸೇರಿತು. 'ದಯವಿಟ್ಟು ಹಿಂದೆ ಬನ್ನಿ, ಕೂತರೆ ಅದೇ ಹತ್ತಿರ ಬರುತ್ತೆ' ಅಂದೆ. ಬಂದರು, ಕೂತರು. ನಲವತ್ತು ನಿಮಿಷದಲ್ಲಿ ಹಕ್ಕಿ ನೊರೆಗೆ ಮರಳಿತು. ಸುಮಾರು ಮೂವತ್ತೈದು ಗ್ರಾಂ ತೂಗುವ ಜೀವ ಅದು. ಮುಂದಿನ ಹಾರಾಟಕ್ಕೆ ಬೇಕಾದ ಕೊಬ್ಬನ್ನು ಅಲ್ಲೇ ತಿಂದು ಕೂಡಿಸಬೇಕು. ನಾವು ಹಾರಿಸಿದ ಪ್ರತಿ ಸಲವೂ ಅದರ ಲೆಕ್ಕದಲ್ಲಿ ಖರ್ಚು.

ಪಕ್ಕದಲ್ಲಿ ಕೂತಿದ್ದ ಹುಡುಗಿ 'ಪಾಪ, ದಾರಿ ತಪ್ಪಿ ಬಂದಿದೆಯಾ?' ಎಂದು ಕೇಳಿದಳು. ಇರಬಹುದು. ಬಿರುಗಾಳಿ ತಳ್ಳಿರಬಹುದು, ಮೊದಲ ವಲಸೆಯ ಎಳೆಯ ಹಕ್ಕಿ ದಿಕ್ಕು ತಪ್ಪಿರಬಹುದು. ಆದರೂ ಆ ಮಾತನ್ನು ನಾನು ಗಟ್ಟಿಯಾಗಿ ಹೇಳಲಾರೆ. 2012ರಲ್ಲಿ ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ ಇದೇ ಜಾತಿಯ ಹಕ್ಕಿಗಳಿಗೆ ಪುಟ್ಟ ಜಿಯೊಲೊಕೇಟರ್, ಅಂದರೆ ಹಕ್ಕಿ ಹೋದ ದಾರಿಯನ್ನು ತಿಳಿಯಲು ನೆರವಾಗುವ ಉಪಕರಣ, ಕಟ್ಟಿದ್ದರು. ಅವು ಅರಬ್ಬಿ ಸಮುದ್ರಕ್ಕೆ ಹೋಗುತ್ತವೆ ಎಂದೇ ಬಹುತೇಕರ ಊಹೆ. ಮರುವರ್ಷ ಮರಳಿದ ಒಂದು ಹಕ್ಕಿಯ ಉಪಕರಣ ತೆರೆದರೆ, ಅದು ಅಟ್ಲಾಂಟಿಕ್ ದಾಟಿ ದಕ್ಷಿಣ ಅಮೆರಿಕದ ಪಕ್ಕದ ಪೆಸಿಫಿಕ್‌ವರೆಗೆ ಹೋಗಿ ಬಂದಿತ್ತು. ಹಕ್ಕಿಯ ದಾರಿ ಯಾವುದೆಂದು ಗೊತ್ತಿಲ್ಲದೆ ತಪ್ಪಿತೆಂದು ಹೇಗೆ ಹೇಳುವುದು? ಅವಳಿಗೆ ಸ್ಕೋಪ್ ಬಿಟ್ಟುಕೊಟ್ಟೆ. ತುಂಬ ಹೊತ್ತು ಅವಳು ಕಣ್ಣು ತೆಗೆಯಲೇ ಇಲ್ಲ.

ಆ ರಾತ್ರಿ ಇಬರ್ಡ್‌ಗೆ ಹಾಕಿದ ಚೆಕ್‌ಲಿಸ್ಟಿನಲ್ಲಿ, ಅಂದರೆ ಕಂಡ ಹಕ್ಕಿಗಳ ಪಟ್ಟಿಯಲ್ಲಿ, ದಂಡೆ, ಗಾಳಿಯ ದಿಕ್ಕು, ಮೊದಲು ಮತ್ತು ಕೊನೆಗೆ ಕಂಡ ಹೊತ್ತು ಎಲ್ಲವನ್ನೂ ಬರೆದೆ. ಗೂಡಿನಲ್ಲಿರುವ ಹಕ್ಕಿಯಾಗಿದ್ದರೆ, ಹಗಲು ಒಂದೇ ಮರದಲ್ಲಿ ಕೂರುವ ಗೂಬೆಯಾಗಿದ್ದರೆ ಜಾಗವನ್ನು ಹೇಳುತ್ತಿರಲಿಲ್ಲ. ತೆರೆದ ನೀರಿನ ಮೇಲೆ ದೂರದಿಂದ ನೋಡಬಹುದಾದ ಹಕ್ಕಿ ಇದು, ಹೇಳಿದರೆ ತೊಂದರೆಯಿಲ್ಲ ಅನಿಸಿತು.

ಮೂರನೆಯ ದಿನವೂ ಹೋದೆ. ಗಾಳಿ ಅದೇ, ನೊರೆ ಅದೇ ದಂಡೆಯಲ್ಲಿ. ಒಂದೂವರೆವರೆಗೆ ಕಾದೆ. ರಾತ್ರಿ ಆಕಾಶ ತಿಳಿಯಾಗಿತ್ತು, ಹೊರಟುಹೋಗಿರಬೇಕು. ದೂರದಿಂದ ಹೊರಡಲು ತಯಾರಾಗಿದ್ದವರು ಎಷ್ಟು ಮಂದಿಯೋ. ಕೆರೆಯ ದಂಡೆಯಿಂದಲೇ ಹಕ್ಕಿ ನೋಡುವವರ ಗುಂಪಿಗೆ ಸಂದೇಶ ಕಳಿಸಿದೆ: 'ಹತ್ತರಿಂದ ಒಂದೂವರೆ, ಪಶ್ಚಿಮ ದಂಡೆ, ಫ್ಯಾಲರೋಪ್ ಕಾಣಲಿಲ್ಲ.'