ಚುರುಕು ಮಗುವಿಗೆ ಬುದ್ಧಿಮತ್ತೆ ಪರೀಕ್ಷೆ: ಯಾವುದನ್ನು, ಯಾವಾಗ, ಹೇಗೆ ಆರಿಸುವುದು?

ನಾಲ್ಕು ವರ್ಷಕ್ಕೇ ಅಂಗಡಿ ಬೋರ್ಡು ಓದುವ, ಚಿಲ್ಲರೆ ಲೆಕ್ಕವನ್ನು ಬಾಯಲ್ಲೇ ಹೇಳುವ ಮಗುವನ್ನು ಕಂಡರೆ ಓಣಿಯವರು ‘ಭಾಳ ಶಾಣ್ಯಾ ಅದಾನ’ ಅನ್ನುತ್ತಾರೆ. ಅದರ ಬೆನ್ನಿಗೇ ‘ಐಕ್ಯೂ ಟೆಸ್ಟ್ ಮಾಡಿಸ್ರಿ’ ಎಂಬ ಸಲಹೆಯೂ ಬರುತ್ತದೆ. ಆಸ್ಪತ್ರೆಗಳಲ್ಲಿ ದಿನನಿತ್ಯ ಬಳಸುವ ಕೆಲವು ಪರೀಕ್ಷೆಗಳು ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಲು ಸಾಕು, ವಯಸ್ಸಿಗಿಂತ ಬಹಳ ಮುಂದಿರುವ ಮಗುವನ್ನು ಅಳೆಯಲು ಸಾಲವು. ಆದ್ದರಿಂದ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವ ಮೊದಲೇ ಕೆಲವು ವಿಷಯ ಇತ್ಯರ್ಥವಾಗಬೇಕು.

ಮೊದಲು: ಅಂಕಿ ಯಾತಕ್ಕೆ ಬೇಕು?

ಫಲಿತಾಂಶದಿಂದ ಏನು ಬದಲಾಗಬೇಕೆಂದು ಒಂದು ವಾಕ್ಯದಲ್ಲಿ ಬರೆದಿಡಿ. ಮಗು ಶಾಲೆಯಲ್ಲಿ ಬೇಸತ್ತು ಗಲಾಟೆ ಮಾಡುತ್ತಿದೆ, ಮಾತಿನಲ್ಲಿ ಚುರುಕಿದ್ದೂ ಬರವಣಿಗೆಯಲ್ಲಿ ಎಡವುತ್ತಿದೆ, ಗಣಿತದಲ್ಲಿ ಮೇಲಿನ ತರಗತಿಯ ಪಾಠ ಕೊಡಬಹುದೇ ಎಂದು ಶಿಕ್ಷಕರು ಕೇಳುತ್ತಿದ್ದಾರೆ. ಇವು ಸರಿಯಾದ ಕಾರಣಗಳು. ಒಂದನೇ ತರಗತಿಗೆ ಬೇಗ ಸೇರಿಸಲೆಂದೇ ಪರೀಕ್ಷೆ ಮಾಡಿಸುವುದಾದರೆ ಬೇಡ. ಐಕ್ಯೂ ಹೆಚ್ಚಿದೆ ಎಂದು ವಯಸ್ಸಿನ ನಿಯಮ ಸಡಿಲವಾಗುವುದಿಲ್ಲ.

ತುರ್ತು ಕಾರಣವಿಲ್ಲದಿದ್ದರೆ ಮಗುವಿಗೆ 6 ತುಂಬುವವರೆಗೆ ಕಾಯುವುದು ಒಳ್ಳೆಯದು. ಅದಕ್ಕಿಂತ ಚಿಕ್ಕವರ ಅಂಕಿ ಅಂದಿನ ನಿದ್ದೆ, ಹಸಿವು, ಸಂಕೋಚಗಳ ಮೇಲೆ ವಾಲಾಡುತ್ತದೆ. ಎರಡು ವರ್ಷ ಬಿಟ್ಟು ಅಳೆದರೆ ಬೇರೆಯೇ ಬರಬಹುದು.

ವಯಸ್ಸಿಗೆ ತಕ್ಕ ಪರೀಕ್ಷೆ

ಬಿನೆ-ಕಾಮತ್ ಪರೀಕ್ಷೆ ನಮ್ಮಲ್ಲಿ ಬಹಳ ಪರಿಚಿತ. ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಕ್ಕಳಿಗೆಂದೇ ಹೊಂದಿಸಿದ್ದು, 3 ವರ್ಷದಿಂದಲೇ ಕೊಡಬಹುದು. ಕನ್ನಡದಲ್ಲಿ ಕೇಳಲು ಬರುತ್ತದೆ ಎಂಬುದು ದೊಡ್ಡ ಅನುಕೂಲ. ಆದರೆ ಇಲ್ಲಿ ಲೆಕ್ಕ ಹಾಕುವ ರೀತಿ ಹಳೆಯದು: ಮಾನಸಿಕ ವಯಸ್ಸನ್ನು, ಅಂದರೆ ಮಗು ಯಾವ ವಯಸ್ಸಿನವರ ಮಟ್ಟದ ಪ್ರಶ್ನೆ ಬಿಡಿಸುತ್ತದೋ ಅದನ್ನು, ನಿಜ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸುತ್ತಾರೆ. 5 ವರ್ಷದ ಮಗು ಎರಡೂವರೆ ವರ್ಷ ಮುಂದಿದ್ದರೆ 90 ತಿಂಗಳನ್ನು 60ರಿಂದ ಭಾಗಿಸಿ 150 ಬರುತ್ತದೆ. 10 ವರ್ಷದ ಮಗು ಅಷ್ಟೇ ಮುಂದಿದ್ದರೆ 125 ಮಾತ್ರ. ಹೀಗಾಗಿ ಚಿಕ್ಕ ಮಕ್ಕಳ ಅಂಕಿ ಇದರಲ್ಲಿ ಬಲು ಎತ್ತರ ಕಾಣುತ್ತದೆ. ಹೊಸ ಪರೀಕ್ಷೆಗಳು ಅದೇ ವಯಸ್ಸಿನ ಮಕ್ಕಳ ಗುಂಪಿನಲ್ಲಿ ನಿಮ್ಮ ಮಗು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತವೆ. ಅಲ್ಲಿ ಸರಾಸರಿ 100, ಮತ್ತು 130 ದಾಟುವವರು ನೂರಕ್ಕೆ ಸುಮಾರು ಇಬ್ಬರು. ಎರಡೂ ಬಗೆಯ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬಾರದು.

ಮಿಸಿಕ್, ಅಂದರೆ ಮಾಲಿನ್ ಅವರ ಭಾರತೀಯ ಮಕ್ಕಳ ಪರೀಕ್ಷೆ, 6ರಿಂದ ಸುಮಾರು 16 ವರ್ಷದವರೆಗೆ. ಮಾತಿನ ವಿಭಾಗದಲ್ಲಿ 6, ಕೈಕೆಲಸದ ವಿಭಾಗದಲ್ಲಿ 5 ಉಪಪರೀಕ್ಷೆಗಳಿರುವುದರಿಂದ ಮಗುವಿನ ಬಲ ಎಲ್ಲಿದೆ ಎಂಬುದು ಬಿಡಿಬಿಡಿಯಾಗಿ ಕಾಣುತ್ತದೆ. ಆದರೆ ಮಾನದಂಡ, ಅಂದರೆ ಹೋಲಿಕೆಗೆ ಬಳಸುವ ಮಕ್ಕಳ ಗುಂಪಿನ ಅಂಕಿಗಳು, 1960ರ ದಶಕದ್ದು. ತಲೆಮಾರಿನಿಂದ ತಲೆಮಾರಿಗೆ ಮಕ್ಕಳ ಸರಾಸರಿ ಏರುತ್ತಾ ಬಂದಿರುವುದರಿಂದ ಹಳೆಯ ಮಾನದಂಡದಲ್ಲಿ ಇಂದಿನ ಮಗುವಿನ ಅಂಕಿ ಇರುವುದಕ್ಕಿಂತ ಹೆಚ್ಚಾಗಿ ಬೀಳುತ್ತದೆ.

ವೆಕ್ಸ್ಲರ್ ಪರೀಕ್ಷೆಗಳಲ್ಲಿ ಚಿಕ್ಕ ಮಕ್ಕಳದು ವಿಪ್ಸಿ, ದೊಡ್ಡ ಮಕ್ಕಳದು ವಿಸ್ಕ್. ವಿಪ್ಸಿಯ ನಾಲ್ಕನೇ ಆವೃತ್ತಿ ಎರಡೂವರೆಯಿಂದ 7 ವರ್ಷ 7 ತಿಂಗಳವರೆಗೆ. ವಿಸ್ಕ್ 6ರಿಂದ ಶುರು, ನಾಲ್ಕನೇ ಆವೃತ್ತಿಗೆ ಭಾರತೀಯ ಮಾನದಂಡವೂ ಇದೆ. ಆರರಿಂದ ಏಳೂವರೆ ವಯಸ್ಸಿನ ನಡುವೆ ಎರಡನ್ನೂ ಕೊಡಬಹುದಾದರೂ ಚುರುಕು ಮಗುವಿಗೆ ವಿಸ್ಕ್ ಕೇಳಿ. ವಿಪ್ಸಿಯಲ್ಲಿ ಅಂಥ ಮಗು ಕಠಿಣ ಪ್ರಶ್ನೆಗಳನ್ನೂ ಮುಗಿಸಿಬಿಟ್ಟರೆ, ಇನ್ನೂ ಎಷ್ಟು ಬಲ್ಲದು ಎಂದು ತಿಳಿಯುವ ದಾರಿಯೇ ಇರದು.

ರೇವನ್ಸ್ ಬಣ್ಣದ ಚಿತ್ರಪರೀಕ್ಷೆಯಲ್ಲಿ ಮಾತು ಬೇಕಿಲ್ಲ, ಒಟ್ಟು 36 ಪ್ರಶ್ನೆ. ಚುರುಕಾದ ಎಂಟು ವರ್ಷದ ಮಗು 33–34 ಸರಿ ಮಾಡಿದರೆ ಅದೂ ಪರೀಕ್ಷೆಯ ಮೇಲ್ಮಿತಿ ಮುಟ್ಟಿದಂತೆಯೇ; ಆಗ 60 ಪ್ರಶ್ನೆಗಳ ಆವೃತ್ತಿಗೆ ಹೋಗಬೇಕು. ಸೆಗ್ವಿನ್ ಫಾರ್ಮ್ ಬೋರ್ಡ್, ಅಂದರೆ 10 ಆಕಾರದ ಮರದ ತುಂಡುಗಳನ್ನು ತೂತಿಗೆ ಕೂಡಿಸುವುದು, ಪ್ರತಿಭೆ ಅಳೆಯಲು ತಕ್ಕದ್ದಲ್ಲ. ಅದೊಂದರಿಂದಲೇ ವರದಿ ಕೊಟ್ಟರೆ ಒಪ್ಪಬೇಡಿ.

ಭಾಷೆ: ಹೆಚ್ಚು ತಪ್ಪಾಗುವುದು ಇಲ್ಲೇ

ಮನೆಯಲ್ಲಿ ಕನ್ನಡ, ಉರ್ದು, ಮರಾಠಿ ಅಥವಾ ಲಂಬಾಣಿ, ಶಾಲೆಯಲ್ಲಿ ಇಂಗ್ಲಿಷ್. ಹುಬ್ಬಳ್ಳಿಯ ಎಷ್ಟೋ ಮಕ್ಕಳ ಸ್ಥಿತಿ ಇದು. ಇಂಥ ಆರು ವರ್ಷದ ಮಗುವಿಗೆ ಇಂಗ್ಲಿಷಿನಲ್ಲಿ ಪದಗಳ ಅರ್ಥ ಕೇಳಿದರೆ ಬಯಲಾಗುವುದು ಅದು ಎಷ್ಟು ಇಂಗ್ಲಿಷ್ ಕೇಳಿದೆ ಎಂಬುದಷ್ಟೇ. ಹಾಗೆಂದು ಇಂಗ್ಲಿಷ್ ಪರೀಕ್ಷೆಯನ್ನು ಕುಳಿತಲ್ಲೇ ಕನ್ನಡಿಸಿ ಕೇಳುವುದೂ ಸರಿಯಲ್ಲ. ಪ್ರಶ್ನೆಯ ಕಷ್ಟ ಬದಲಾಗುತ್ತದೆ, ಮಾನದಂಡ ಮಾತ್ರ ಹಳೆಯದೇ ಉಳಿಯುತ್ತದೆ. ಅಂಕಿಗಳನ್ನು ಕೇಳಿ ಮರಳಿ ಹೇಳುವ ಉಪಪರೀಕ್ಷೆಯನ್ನೇ ನೋಡಿ. ಕನ್ನಡದ ಅಂಕಿಗಳ ಹೆಸರು ಇಂಗ್ಲಿಷಿಗಿಂತ ಉದ್ದ, ನೆನಪಿನಲ್ಲಿ ಹೆಚ್ಚು ಜಾಗ ಹಿಡಿಯುತ್ತವೆ, ಮಗು ಒಂದು ಅಂಕಿ ಮೊದಲೇ ನಿಂತುಬಿಡಬಹುದು. ಕನ್ನಡದಲ್ಲಿ ಯೋಚಿಸುವ ಮಗುವಿಗೆ ಮಾತಿಲ್ಲದ ಒಂದು ಪರೀಕ್ಷೆ, ಕನ್ನಡದಲ್ಲಿ ಕೊಡುವ ಇನ್ನೊಂದು, ಎರಡನ್ನೂ ಜೋಡಿಸಿ ನೋಡುವುದು ನಮ್ಮ ಸಲಹೆ.

ಫೋನಿನಲ್ಲೇ ಕೇಳಿಕೊಳ್ಳಿ

ಪರೀಕ್ಷೆ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿರಬೇಕು, ನೋಂದಣಿ ಸಂಖ್ಯೆ ವರದಿಯಲ್ಲಿರಬೇಕು. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ವಿಚಾರಿಸುವುದರಿಂದ ಶುರು ಮಾಡಬಹುದು. ಯಾವ ಪರೀಕ್ಷೆ, ಯಾವ ಆವೃತ್ತಿ, ಯಾವ ಭಾಷೆ, ಎಷ್ಟು ಸಲ ಬರಬೇಕು, ಉಪಪರೀಕ್ಷೆಗಳ ಅಂಕ ಬರೆದುಕೊಡುತ್ತಾರೆಯೇ ಎಂದು ಕೇಳಿ. ‘ಬಂದ ಮ್ಯಾಲೆ ನೋಡೋಣ’ ಎಂದರೆ ಬೇರೆಡೆ ವಿಚಾರಿಸಿ.

ರೋಣ, ಹಿರೇಕೆರೂರು ಕಡೆಯಿಂದ ಬರುವವರು ನಸುಕಿನ ಬಸ್ಸಿಳಿದು ನೇರ ಪರೀಕ್ಷೆಗೆ ಕೂಡಿಸಬೇಡಿ. ಹತ್ತಿರದ ಸಂಬಂಧಿಕರ ಮನೆಯಲ್ಲಿ ಹಿಂದಿನ ರಾತ್ರಿ ಉಳಿದರೆ ಒಳ್ಳೆಯದು. ನೆಗಡಿಯಾಗಿ ಕಿವಿ ಕಟ್ಟಿದ್ದರೆ ದಿನ ಮುಂದೂಡಿ. ಕನ್ನಡಕ ಮರೆಯಬೇಡಿ. ಮಗುವಿಗೆ ‘ಅಲ್ಲಿ ಒಬ್ರು ಅಕ್ಕೋರ ಇರ್ತಾರ, ಚಿತ್ರ ತೋರಿಸಿ ಏನೇನೋ ಕೇಳ್ತಾರ, ಬರಲಿಲ್ಲಂದ್ರ ಬರೂದಿಲ್ಲ ಅನ್ನು’ ಎಂದರೆ ಸಾಕು. ಮೊಬೈಲಿನಲ್ಲಿ ಅಂಥದೇ ಪ್ರಶ್ನೆ ಹುಡುಕಿ ತಯಾರಿ ಮಾಡಿಸಿದರೆ ಅಂಕಿ ಉಬ್ಬುತ್ತದೆ, ವರದಿ ಕೆಲಸಕ್ಕೆ ಬಾರದಂತಾಗುತ್ತದೆ.

ವರದಿ ಕೈಗೆ ಬಂದಾಗ

ಒಂದೇ ಅಂಕಿಯನ್ನು ನಂಬಬೇಡಿ, ಅದರ ಸುತ್ತಲಿನ ವ್ಯಾಪ್ತಿ ಕೇಳಿ. 128 ಎಂದರೆ ಹೆಚ್ಚುಕಡಿಮೆ 122ರಿಂದ 133ರೊಳಗೆ ಎಲ್ಲಾದರೂ ಇರಬಹುದು. 130ಕ್ಕೆ ಎರಡು ಕಡಿಮೆಯಾಯಿತೆಂದು ಕೊರಗಲು ಕಾರಣವಿಲ್ಲ. ಮಾತು, ತರ್ಕಗಳಲ್ಲಿ ಬಹಳ ಮೇಲಿದ್ದು, ಪೆನ್ಸಿಲ್ ಹಿಡಿದು ವೇಗವಾಗಿ ಚಿಹ್ನೆ ಬರೆಯುವುದರಲ್ಲಿ ಸಾಧಾರಣವಾಗಿದ್ದರೆ ಒಟ್ಟು ಅಂಕಿ ಕೆಳಗೆ ಜಗ್ಗುತ್ತದೆ. ಆರು ವರ್ಷದ ಮಗುವಿನ ಕೈಯ ವೇಗ ಅದರ ಯೋಚನೆಯಷ್ಟೇ ಮುಂದಿರಬೇಕೆಂದಿಲ್ಲ. ವಿಸ್ಕ್ ಆದರೆ ವೇಗ ಮತ್ತು ತಾತ್ಕಾಲಿಕ ನೆನಪಿನ ಅಂಕ ಬಿಟ್ಟು ಲೆಕ್ಕ ಹಾಕುವ ‘ಸಾಮಾನ್ಯ ಸಾಮರ್ಥ್ಯ ಸೂಚ್ಯಂಕ’ವನ್ನೂ ಬರೆದುಕೊಡಲು ಹೇಳಿ. ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸುವುದಿದ್ದರೆ ಕನಿಷ್ಠ ಒಂದು ವರ್ಷ ಬಿಡಿ. ಮೂಲ ವರದಿ ನಿಮ್ಮಲ್ಲೇ ಇರಲಿ, ಶಾಲೆಗೆ ನಕಲು ಪ್ರತಿ ಕೊಡಿ.